ಪುರಸಭೆಯ ಪುಸ್ತಕದಲ್ಲಿ ನಮ್ಮ ಹೆಸರು

(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ)



ಈ ವೇದಿಕೆಯ ಮೇಲೆ ವರ್ಷವರ್ಷವೂ ಬಲ್ಲವರು ನಿಂತು ಪಂಪನ ವಿಚಾರವನ್ನೂ ಬಸವಣ್ಣನವರ ವಿಚಾರವನ್ನೂ ಹೇಳಿದ್ದಾರೆ. ಈ ಸಲ ಕಾರ್ಯದರ್ಶಿಗಳು ನಮ್ಮನ್ನು ಹಿಡಿದರು. ನಾವು ಸಾಹಿತಿಗಳಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿಕೊಂಡಿರುವವರು. ಅದನ್ನು ಅರಿಕೆ ಮಾಡಿಕೊಂಡರೂ ಅವರು ಬಿಡಲಿಲ್ಲ. "ನಿಮಗೆ ತಿಳಿದಿದ್ದನ್ನೇ ಹೇಳಿ" ಎಂದರು. ನಮಗೆ ತಿಳಿದಿರುವುದು ಲೆಕ್ಕದ ಪುಸ್ತಕ, ಅದರಲ್ಲಿ ಬರೆದಿರುವ ಹೆಸರು, ಆ ಹೆಸರಿನ ಮುಂದೆ ಬೀಳಬೇಕಾದ ಸಹಿ, ಇಷ್ಟೇ. ಆದುದರಿಂದ ಇಂದು ನಾವು ಮಾತನಾಡುವುದು ಒಂದು ಪುಸ್ತಕದ ವಿಚಾರವೇ. ಅದನ್ನು ಯಾವ ಕವಿಯೂ ಬರೆದಿಲ್ಲ, ಪುರಸಭೆಯವರು ಬರೆಯುತ್ತಾರೆ. ಜನನ ಮರಣಗಳ ನೋಂದಣಿ ಪುಸ್ತಕ ಎಂದು ಅದಕ್ಕೆ ಹೆಸರು.

ಪುರಸಭೆ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಕಸದ ಗಾಡಿ, ಬೀದಿಯ ದೀಪ, ಮಳೆಗಾಲದಲ್ಲಿ ತುಂಬಿ ಹರಿಯುವ ಚರಂಡಿ, ವರ್ಷಕ್ಕೊಮ್ಮೆ ಬರುವ ಮನೆ ತೆರಿಗೆಯ ಚೀಟಿ. ಇವುಗಳ ವಿಚಾರದಲ್ಲಿ ನಾವೆಲ್ಲರೂ ಜಗಳಾಡಬಲ್ಲೆವು. ಬಸ್ಸಿನ ನಿಲ್ದಾಣದಲ್ಲಿ ನಿಂತು ದಿನವೂ ಆಡುತ್ತೇವೆ. ನಮ್ಮ ಬಡಾವಣೆಯ ಹೆಸರೇ ಇಂಥದೊಂದು ನಿತ್ಯದ ವ್ಯವಹಾರದಿಂದ ಬಂದದ್ದೆಂದು ಹಿರಿಯರು ಹೇಳುತ್ತಾರೆ. ತಾರ್ ಎಂದರೆ ತಂತಿ, ನಾಕಾ ಎಂದರೆ ತಪಾಸಣೆಯ ಕಟ್ಟೆ. ನಮ್ಮ ಕಡೆಯ ಊರುಗಳಲ್ಲಿಯೂ ನಾಕೆಗಳು ಇದ್ದುವು, ಜಕಾತಿ ವಸೂಲಿಗೆ. ಕರ್ನಾಟಕದಲ್ಲಿ 1979ರಲ್ಲಿ ಜಕಾತಿ ಹೋಯಿತು, ನಾಕೆಯ ಹೆಸರು ಮಾತ್ರ ಕೆಲವು ಊರುಗಳಲ್ಲಿ ಉಳಿಯಿತು. ಆ ಮಾತು ಹಾಗಿರಲಿ.

ಕಸ ಒಂದು ದಿನ ಉಳಿದರೆ ಮರುದಿನ ತೆಗೆಯಬಹುದು. ದೀಪ ಆರಿದರೆ ಮತ್ತೆ ಹಚ್ಚಬಹುದು. ಆದರೆ ಪುಸ್ತಕದಲ್ಲಿ ಒಂದು ಹೆಸರು ತಪ್ಪಿ ಬಿದ್ದರೆ ಅದು ನಮ್ಮ ಹಿಂದೆ ಮೂವತ್ತು ನಲವತ್ತು ವರ್ಷ ನಡೆದುಕೊಂಡು ಬರುತ್ತದೆ. ಇದನ್ನು ಬ್ಯಾಂಕಿನ ಕಿಟಕಿಯ ಈಚೆಗೆ ಕುಳಿತು ದಿನವೂ ನೋಡುತ್ತಿದ್ದೇವೆ. ಯಜಮಾನನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಸೆರಗಿನಲ್ಲಿ ಪಾಸ್‌ಬುಕ್ಕನ್ನೂ ಮರಣಪತ್ರವನ್ನೂ ಸುತ್ತಿಕೊಂಡು ಬರುತ್ತಾಳೆ. ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಪತ್ರದಲ್ಲಿ ಇನ್ನೊಂದು. "ಅಮ್ಮಾ, ಇದು ಕೂಡುವುದಿಲ್ಲ" ಎಂದು ಹೇಳುವ ಬಾಯಿ ನಮ್ಮದು. ಆ ಮಾತನ್ನು ನಮಗೇ ಇನ್ನೊಬ್ಬರು ಹೇಳುವ ತನಕ ಅದರ ತೂಕ ನಮಗೆ ತಿಳಿದಿರಲಿಲ್ಲ.

ಮೊದಲು ಕಾಯಿದೆಯ ಮಾತನ್ನು ಸ್ವಲ್ಪದರಲ್ಲಿ ಹೇಳಿ ಮುಗಿಸುತ್ತೇವೆ. ಹೈದರಾಬಾದಿನಲ್ಲಿ ಪೌರಾಡಳಿತ ಮೊದಲಾದದ್ದು 1869ರಲ್ಲಿ, ಮೊದಲನೆಯ ಸಾಲಾರ್ ಜಂಗರು ದಿವಾನರಾಗಿದ್ದಾಗ. ಊರಿಗೊಂದು, ಚಾದರಘಾಟಿಗೊಂದು ಎಂದು ಎರಡು ವ್ಯವಸ್ಥೆಗಳಿದ್ದುವು. 1933ರಲ್ಲಿ ಅವು ಕೂಡಿದುವು. ಸಿಕಂದರಾಬಾದು ಬೇರೆಯಾಗಿದ್ದು 1960ರಲ್ಲಿ ಸೇರಿತು. ಸುತ್ತಲಿನ 12 ಪುರಸಭೆಗಳನ್ನೂ 8 ಗ್ರಾಮ ಪಂಚಾಯಿತಿಗಳನ್ನೂ ಸೇರಿಸಿ ಮಹಾನಗರಪಾಲಿಕೆಯನ್ನು ಮಾಡಿದ್ದು 2007ರಲ್ಲಿ. ಅದರ 2020ರ ಚುನಾವಣೆ 150 ವಾರ್ಡುಗಳಿಗೆ ನಡೆಯಿತು, ತಾರ್ನಾಕ ಅವುಗಳಲ್ಲೊಂದು. ಇಷ್ಟು ದೊಡ್ಡ ಸಂಸ್ಥೆಯಾದರೂ ಹುಟ್ಟು ಸಾವು ಬರೆಯುವ ವಿಷಯದಲ್ಲಿ ಅದು ನಡೆಯಬೇಕಾದ ಕಾಯಿದೆಯೂ ನಮ್ಮ ಸೇಡಂ ಪುರಸಭೆ ನಡೆಯಬೇಕಾದ ಕಾಯಿದೆಯೂ ಒಂದೇ: 1969ರ ಜನನ ಮರಣ ನೋಂದಣಿ ಅಧಿನಿಯಮ. ಇಪ್ಪತ್ತೊಂದು ದಿನದೊಳಗೆ ಸುದ್ದಿ ತಿಳಿಸಬೇಕು. ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯವರು, ಮನೆಯಲ್ಲಾದರೆ ಮನೆಯ ಯಜಮಾನರು. ಅವಧಿ ಮೀರಿದರೆ ದಂಡ; ಒಂದು ವರ್ಷ ಮೀರಿದರೆ ದಂಡಾಧಿಕಾರಿಗಳ ಆಜ್ಞೆಯೇ ಬೇಕು.

ಈ ಕಾಯಿದೆಯಲ್ಲಿ ನಮ್ಮಂಥ ಹೊರನಾಡಿನವರು ಮನಸ್ಸಿನಲ್ಲಿಟ್ಟುಕೊಳ್ಳತಕ್ಕ ಒಂದು ಮಾತುಂಟು. ಮನುಷ್ಯನು ಎಲ್ಲಿ ವಾಸವಾಗಿದ್ದಾನೆ ಎಂಬುದನ್ನು ಅದು ನೋಡುವುದಿಲ್ಲ. ಹುಟ್ಟಿದ್ದು ಎಲ್ಲಿ, ಸತ್ತದ್ದು ಎಲ್ಲಿ ಎಂದು ನೋಡುತ್ತದೆ. ಘಟನೆ ಎಲ್ಲಿ ನಡೆಯಿತೋ ಅಲ್ಲಿಯ ಪುಸ್ತಕದಲ್ಲಿಯೇ ಬರೆಯಬೇಕು.

ಈಗ ನಮ್ಮ ಮನೆಗಳ ನಡವಳಿಕೆಯನ್ನು ನೋಡಿರಿ. ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಹೀಗಾಗಿ ತಾರ್ನಾಕದಲ್ಲಿ ಬೆಳೆಯುವ ಕೂಸಿನ ಹುಟ್ಟು ಯಾದಗಿರಿಯಲ್ಲಿಯೋ ರಾಯಚೂರಿನಲ್ಲಿಯೋ ಬೀದರಿನಲ್ಲಿಯೋ ಬರೆಯಲ್ಪಡುತ್ತದೆ. ವಯಸ್ಸಾದವರು ಕಾಯಿಲೆ ಬಿದ್ದಾಗ ಊರಿನಿಂದ ಇಲ್ಲಿಗೆ, ದೊಡ್ಡ ಆಸ್ಪತ್ರೆಗಳಿಗೆ, ಬರುತ್ತಾರೆ. ಬಂದವರೆಲ್ಲರೂ ಹಿಂತಿರುಗುವುದಿಲ್ಲ. ಅವರ ಸಾವು ಇಲ್ಲಿಯ ಪುಸ್ತಕದಲ್ಲಿ ಬೀಳುತ್ತದೆ, ಅವರ ಹೊಲ ಮಾತ್ರ ಅಲ್ಲಿಯೇ ಇರುತ್ತದೆ. ಹುಟ್ಟು ಅಲ್ಲಿ, ಸಾವು ಇಲ್ಲಿ. ನಡುವೆ ವಾಡಿಯ ದಾರಿಯ ರೈಲು. 1956ರ ನವೆಂಬರ್ 1ರಂದು ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದುವು, ಆ ಸಂತೋಷಕ್ಕಾಗಿಯೇ ನಾವು ಇಂದು ಕೂಡಿದ್ದೇವೆ. ಆದರೆ ನಮ್ಮ ಮನೆತನಗಳ ಲೆಕ್ಕ ಮಾತ್ರ ಎರಡು ರಾಜ್ಯಗಳ ಎರಡು ಪುಸ್ತಕಗಳಲ್ಲಿ ಹಂಚಿಹೋಗಿದೆ.

ಆ ಎರಡು ಪುಸ್ತಕಗಳೂ ಹೆಸರನ್ನು ಒಂದೇ ರೀತಿಯಲ್ಲಿ ಬರೆಯುವುದಿಲ್ಲ. ತೆಲುಗರಲ್ಲಿ ಇಂಟಿಪೇರು, ಅಂದರೆ ಮನೆತನದ ಹೆಸರು, ಮೊದಲು ಬರುತ್ತದೆ. ನಮ್ಮಲ್ಲಿ ಸ್ವಂತ ಹೆಸರು ಮೊದಲು, ಆಮೇಲೆ ತಂದೆಯದು, ಅಡ್ಡಹೆಸರು ಕೊನೆಗೆ. ನಮ್ಮ ಕಡೆಯ ಪಹಣಿಯಲ್ಲಂತೂ ಇಂಥವನು 'ತಂದೆ' ಇಂಥವನು ಎಂದೇ ಬರೆಯುವ ರೂಢಿ; ನಿಜಾಮರ ಕಾಲದ ಉರ್ದು ಕಾಗದಗಳಲ್ಲಿ 'ವಲ್ದ್' ಎಂದಿದ್ದ ಜಾಗದಲ್ಲಿ ಈ 'ತಂದೆ' ಬಂದು ಕುಳಿತಿದೆ. ಇನ್ನು ಕಾಗುಣಿತದ ಕಥೆ. ಬಸವರಾಜ ಎಂಬ ಒಂದೇ ಹೆಸರನ್ನು ತೆಗೆದುಕೊಳ್ಳಿ. ಬೀದರಿನ ಕಡೆ ಇಂಗ್ಲಿಷಿನಲ್ಲಿ ಬರೆಯುವಾಗ 'ಬಸ್ವರಾಜ್' ಆಗುತ್ತದೆ, ಇಲ್ಲಿಗೆ ಬಂದರೆ ಉಕಾರ ಹತ್ತಿ 'ಬಸವರಾಜು' ಆಗುತ್ತದೆ. ಹಣಮಂತ ಎಂಬವನು 'ಹನ್ಮಂತ್', 'ಹನುಮಂತು', 'ಹನುಮಂತರಾವ್' ಎಂದು ಮೂರು ಅವತಾರ ಎತ್ತಿರುವುದನ್ನು ನಾವು ಕಂಡಿದ್ದೇವೆ. ಕರೆಯುವಾಗ ಇವುಗಳಿಂದ ಯಾರಿಗೂ ತೊಂದರೆಯಿಲ್ಲ. ಯಾವ ಹೆಸರಿಂದ ಕೂಗಿದರೂ ಮನುಷ್ಯ ತಿರುಗಿ ನೋಡುತ್ತಾನೆ. ಕಾಗದ ತಿರುಗಿ ನೋಡುವುದಿಲ್ಲ.

ನಮ್ಮ ತಂದೆಯವರ ವಿಚಾರಕ್ಕೆ ಬರುತ್ತೇವೆ. ಮನೆಯ ಮಾತನ್ನು ಸಭೆಯಲ್ಲಿ ಹೇಳುವುದಕ್ಕೆ ಸಂಕೋಚವೇ. ಆದರೆ ತಪ್ಪು ನಮ್ಮದೇ ಆದ್ದರಿಂದ ಹೇಳಬಹುದೆಂದು ಧೈರ್ಯ ಮಾಡಿದ್ದೇವೆ.

ಅವರು ಸೇಡಂ ತಾಲ್ಲೂಕಿನ ಒಂದು ಹಳ್ಳಿಯವರು. ಹದಿಹರೆಯದಲ್ಲಿ ರೈಲ್ವೆ ಕೆಲಸಕ್ಕೆಂದು ಈ ಊರಿಗೆ ಬಂದರು. ಹಳ್ಳಿಯಲ್ಲಿ ಅವರ ಹೆಸರಿನ ಕೊನೆಗೆ 'ಅಪ್ಪ' ಎಂದಿತ್ತು. ಇಲ್ಲಿಯ ಜೊತೆಗಾರರು ಗೌರವಕ್ಕಾಗಿ 'ರಾವ್' ಎಂದು ಕರೆಯತೊಡಗಿದರು. ಕರೆದದ್ದು ಅಂಟಿಕೊಂಡಿತು, ಪಿಂಚಣಿಯ ಕಾಗದದಲ್ಲಿಯೂ ಬ್ಯಾಂಕಿನ ಖಾತೆಯಲ್ಲಿಯೂ ಆಧಾರ್ ಚೀಟಿಯಲ್ಲಿಯೂ ಅವರು ರಾವ್ ಆದರು. ಹಳ್ಳಿಯಲ್ಲಿದ್ದ ನಾಲ್ಕು ಎಕರೆ ತೊಗರಿ ಹೊಲದ ಪಹಣಿಯಲ್ಲಿ ಮಾತ್ರ ಅಪ್ಪನಾಗಿಯೇ ಉಳಿದರು. ವರ್ಷಕ್ಕೊಮ್ಮೆ ರಾಶಿಯ ಹೊತ್ತಿಗೆ ಊರಿಗೆ ಹೋಗಿ ಅಪ್ಪನಾಗಿ ಬರುತ್ತಿದ್ದರು, ಸಿಕಂದರಾಬಾದಿನಲ್ಲಿ ಇಳಿದೊಡನೆ ಮತ್ತೆ ರಾವ್.

2022ರ ಶ್ರಾವಣದಲ್ಲಿ ಅವರು ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ರಾತ್ರಿ ಎರಡು ಗಂಟೆ. ಆಸ್ಪತ್ರೆಯವರು ಒಂದು ಅರ್ಜಿಯ ಹಾಳೆಯನ್ನು ಮುಂದಿಟ್ಟು, "ಓದಿ ಸಹಿ ಮಾಡಿ" ಎಂದರು. ನಾವು ಸಹಿ ಮಾಡಿದೆವು, ಓದಲಿಲ್ಲ. ದಿನಕ್ಕೆ ನೂರು ಸಲ ಗಿರಾಕಿಗಳಿಗೆ "ಓದಿ ಸಹಿ ಮಾಡಿ" ಎಂದು ಹೇಳುವವರು ನಾವು. ಹತ್ತು ಹನ್ನೆರಡು ದಿನಗಳ ಮೇಲೆ ಮರಣಪತ್ರ ಬಂತು. ಅದನ್ನೂ ಓದದೆ ಕಪಾಟಿನಲ್ಲಿ ಇಟ್ಟೆವು. ಬ್ಯಾಂಕಿನ ಹಣ, ತಾಯಿಯವರ ಕುಟುಂಬ ಪಿಂಚಣಿ ಯಾವ ತೊಡಕೂ ಇಲ್ಲದೆ ಆದುವು, ಏಕೆಂದರೆ ಅಲ್ಲೆಲ್ಲ ರಾವ್ ಎಂದೇ ಇತ್ತಲ್ಲ.

ಎಂಟು ತಿಂಗಳ ಮೇಲೆ ಪೌತಿ ಖಾತೆಗೆಂದು ಊರಿಗೆ ಹೋದೆವು. ಹೊಲದ ಯಜಮಾನ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಖಾತೆ ಮಾಡಿಸುವುದಕ್ಕೆ ನಮ್ಮ ಕಡೆ ಆ ಹೆಸರು. (ಇದನ್ನು ಮಾಡಿಸದೆ ಅಜ್ಜ ಮುತ್ತಜ್ಜಂದಿರ ಹೆಸರಿನಲ್ಲಿಯೇ ಉಳಿದಿರುವ ಹೊಲಗಳು ಲೆಕ್ಕವಿಲ್ಲದಷ್ಟು, ಆದ್ದರಿಂದಲೇ ಕರ್ನಾಟಕ ಸರಕಾರದವರು 2025ರಲ್ಲಿ ಇ-ಪೌತಿ ಎಂಬ ಆಂದೋಲನವನ್ನೇ ಹೂಡಬೇಕಾಯಿತು.) ಕಚೇರಿಯಲ್ಲಿದ್ದ ಹುಡುಗ ಪತ್ರವನ್ನೂ ಪಹಣಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಮರ್ಯಾದೆಯ ಹುಡುಗ, ನಮಗಿಂತ ಚಿಕ್ಕವನು. "ಅಣ್ಣಾ, ಹೆಸರು ಕೂಡಂಗಿಲ್ಲ. ತಂದಿ ಹೆಸರೂ ಕೂಡಂಗಿಲ್ಲ" ಎಂದ. ಆಗ ನಾವು ಆ ಪತ್ರವನ್ನು ಮೊದಲ ಸಲ ಓದಿದೆವು. ಸತ್ತವರ ತಂದೆಯ ಹೆಸರು ಎಂಬ ಅಂಕಣದಲ್ಲಿ ನಮ್ಮ ಅಜ್ಜನ ಹೆಸರಿರಲಿಲ್ಲ. ನಮ್ಮ ಅಡ್ಡಹೆಸರು ಇತ್ತು. ಯಾರೋ ಅದನ್ನು ಇಂಟಿಪೇರಿನ ಲೆಕ್ಕದಲ್ಲಿ ಮೊದಲಿಗೆ ತಂದು, ಅಲ್ಲಿಂದ ತಂದೆಯ ಅಂಕಣಕ್ಕೆ ಸಾಗಿಸಿದ್ದರು. ಕೆಳಗೆ ಸುದ್ದಿ ಕೊಟ್ಟವನ ಹೆಸರು ನಮ್ಮದೇ.

ಮನೆಗೆ ಬಂದು ತಾಯಿಯವರಿಗೆ ಹೇಳಿದೆವು. "ಎರಡೂ ಅವರ ಹೆಸರೇ ಅಲ್ಲೇನಪಾ, ಇದರಾಗ ತಪ್ಪು ಯಾವುದು?" ಎಂದರು. ಇದಕ್ಕೆ ಉತ್ತರ ಕೊಡುವುದು ಬಿ.ಕಾಂ.ನಲ್ಲಿ ನಮಗೆ ಕಲಿಸಿರಲಿಲ್ಲ. ರಾವ್ ಎಂಬುದನ್ನು ಅಪ್ಪ ಎಂದು ತಿದ್ದಿಸಿದರೆ ಹೊಲ ಸರಿಯಾಗುತ್ತದೆ, ಪಿಂಚಣಿ ಕೆಡುತ್ತದೆ. ತಿದ್ದಿಸದಿದ್ದರೆ ಪಿಂಚಣಿ ಸರಿ, ಹೊಲ ಇಲ್ಲ. ಮೂರು ವಾರ ಇದೇ ಚಿಂತೆಯಲ್ಲಿ ಕಳೆಯಿತು. ಜಮೀನಿನ ಬೆಲೆ ದೊಡ್ಡದಲ್ಲ. ಆದರೆ ತಂದೆಯವರು ರಜೆಯ ದಿನಗಳನ್ನೆಲ್ಲ ಕೂಡಿಟ್ಟು ಆ ಹೊಲದಲ್ಲಿ ಕಳೆದಿದ್ದರು. ಅದು ಅವರದಲ್ಲ ಎಂದು ಒಂದು ಕಾಗದ ಹೇಳುವುದನ್ನು ತಾಯಿಯವರು ತಡೆದುಕೊಳ್ಳಲಾರದೆ ಹೋದರು.

ದಾರಿ ತೋರಿಸಿದವರು ನೋಂದಣಿ ಕಚೇರಿಯಲ್ಲಿದ್ದ ವಯಸ್ಸಾದ ತೆಲುಗು ಮಹಿಳೆಯೊಬ್ಬರು. ಅವರು ನಮ್ಮ ಕಾಗದಗಳನ್ನೆಲ್ಲ ಹರಡಿಸಿ ನೋಡಿ ಹೇಳಿದರು: "ಬಾಬೂ, ರಾವ್ ಎಂಬುದು ತಪ್ಪಲ್ಲ, ಅವರು ರಾವ್ ಆಗಿದ್ದದ್ದು ನಿಜ. ಅದನ್ನು ಮುಟ್ಟಬೇಡಿ. ತಂದೆಯ ಹೆಸರು ತಪ್ಪು, ಅದನ್ನು ಮಾತ್ರ ತಿದ್ದಿಸಿ." ನಮಗೆ ಬೆಳಕು ಹರಿಯಿತು. ನಮ್ಮ ಊರಿನ ಪಹಣಿಯಲ್ಲಿ ಮನುಷ್ಯನನ್ನು ಗುರುತಿಸುವುದು ಅವನ ಹೆಸರಿನಿಂದ ಅರ್ಧ, 'ತಂದೆ' ಎಂಬುದರ ಮುಂದಿರುವ ಹೆಸರಿನಿಂದ ಅರ್ಧ. ಅಜ್ಜನ ಹೆಸರು ಸರಿಯಾದರೆ ಉಳಿದದ್ದಕ್ಕೆ ಹಳ್ಳಿಯವರ ಪಂಚನಾಮೆ ಸಾಕು.

ಇಲ್ಲಿ ಕಾಯಿದೆಯ ಹದಿನೈದನೆಯ ಕಲಮನ್ನು ತಾವು ಕೇಳಬೇಕು; ನಮ್ಮ ಕಸುಬಿನವರಿಗೆ ಅದು ಬಹಳ ಹಿಡಿಸುವಂಥದು. ಪುಸ್ತಕದಲ್ಲಿ ತಪ್ಪು ಬಿದ್ದಿದ್ದರೆ ನೋಂದಣಾಧಿಕಾರಿಯು ಅದನ್ನು ತಿದ್ದಬಹುದು. ಆದರೆ ಮೊದಲು ಬರೆದದ್ದನ್ನು ಅಳಿಸಕೂಡದು, ಬದಲಾಯಿಸಕೂಡದು. ಅಂಚಿನಲ್ಲಿ ಸರಿಯಾದದ್ದನ್ನು ಬರೆದು, ತಿದ್ದಿದ ದಿನಾಂಕವನ್ನು ಹಾಕಿ, ಸಹಿ ಮಾಡಬೇಕು. ಕೈಯಿಂದ ಲೆಜರು ಬರೆಯುತ್ತಿದ್ದ ಕಾಲದ ಹಿರಿಯ ಗುಮಾಸ್ತರು ನಮಗೆ ಕಲಿಸಿದ್ದೂ ಇದನ್ನೇ. ಕೆರೆಯಬೇಡ, ರಬ್ಬರು ಹಾಕಬೇಡ; ತಪ್ಪಿದ ಅಂಕಿಯ ಮೇಲೆ ಓದಲು ಬರುವಂತೆ ಒಂದು ಗೆರೆ ಎಳೆ, ಮೇಲೆ ಸರಿಯಾದದ್ದನ್ನು ಬರೆ, ಪಕ್ಕದಲ್ಲಿ ಚಿಕ್ಕ ಸಹಿ ಹಾಕು. ತಪ್ಪು ಮಾಡಿದವನೂ ತಿದ್ದಿದವನೂ ಇಬ್ಬರೂ ಪುಟದಲ್ಲಿ ಕಾಣುತ್ತಿರಬೇಕು.

ಇಂಥ ತಿದ್ದುಪಡಿಗೆ ಸಂಗತಿಯನ್ನು ಬಲ್ಲ ಇಬ್ಬರು ನಂಬತಕ್ಕ ಜನರ ಹೇಳಿಕೆ ಬೇಕು. ಅಜ್ಜ ತೀರಿಕೊಂಡು ಮೂವತ್ತು ವರ್ಷವಾಗಿತ್ತು. ಈ ಊರಿನಲ್ಲಿ ಅವರನ್ನು ಬಲ್ಲವರು ಯಾರು? ಒಬ್ಬರು ಸೋದರತ್ತೆ. ಎಪ್ಪತ್ತೈದರ ಮೇಲಾಗಿದ್ದರೂ ಸೇಡಂನಿಂದ ರೈಲು ಹತ್ತಿ ಬಂದರು. "ನಮ್ಮಪ್ಪನ ಹೆಸರು ನಾ ಹೇಳಲಾರದೆ ಮತ್ತ್ಯಾರು ಹೇಳಬೇಕೋ?" ಎಂದು ಕಚೇರಿಯ ಮೆಟ್ಟಿಲ ಮೇಲೆ ನಮ್ಮನ್ನೇ ಗದರಿಸಿದರು. ಇನ್ನೊಬ್ಬರು ತಂದೆಯವರ ಜೊತೆ ಮೂವತ್ತು ವರ್ಷ ಒಂದೇ ಪಾಳಿಯಲ್ಲಿ ಕೆಲಸ ಮಾಡಿದ ತೆಲುಗು ಗೆಳೆಯರು. ಅವರಿಗೆ ಕನ್ನಡದ ಒಂದಕ್ಷರ ಬಾರದು. ಆದರೆ ತಂದೆಯವರ ಮದುವೆಗೆ ನಮ್ಮ ಹಳ್ಳಿಗೆ ಹೋಗಿ ಎರಡು ದಿನ ಇದ್ದವರು. ಅಜ್ಜ ತಮ್ಮ ಕೈಯಾರೆ ಬಡಿಸಿದ ಶೇಂಗಾ ಹೋಳಿಗೆಯನ್ನು ಇನ್ನೂ ನೆನೆಯುವವರು. ಹೋಳಿಗೆಯ ಜೊತೆ ಹೆಸರೂ ನೆನಪಿನಲ್ಲಿ ಉಳಿದಿತ್ತು. ಇಬ್ಬರೂ ಹೇಳಿಕೆಗೆ ರುಜು ಹಾಕಿದರು. ತಿದ್ದುಪಡಿಯಾದ ಪತ್ರ ಬಂತು. ಈ ಸಲ ಕಚೇರಿಯ ಬಾಗಿಲಲ್ಲಿಯೇ ನಿಂತು ಎರಡು ಸಲ ಓದಿದೆವು. ಆಮೇಲೆ ಊರಿನಲ್ಲಿ ವಂಶವೃಕ್ಷ, ಪಂಚನಾಮೆ, ನೋಟೀಸು ಎಂದು ಇನ್ನೂ ಐದು ತಿಂಗಳು ಹಿಡಿಯಿತು. ಪಹಣಿಯಲ್ಲಿ ಈಗ ತಾಯಿಯವರ ಹೆಸರಿದೆ.

ಸಾವಿನ ಮಾತು ಸಾಕು. ಹುಟ್ಟಿನ ಮಾತಿಗೆ ಬರೋಣ. ಅಲ್ಲಿಯೂ ನಾವು ಜಾಣತನ ತೋರಿದ್ದೇನೂ ಇಲ್ಲ. ನಮ್ಮ ಮಗಳು 2019ರಲ್ಲಿ ಯಾದಗಿರಿಯಲ್ಲಿ, ತಾಯಿಯ ತವರಿನಲ್ಲಿ, ಹುಟ್ಟಿದಳು. ಆಸ್ಪತ್ರೆಯವರು ಸುದ್ದಿ ಕಳಿಸುವ ಹೊತ್ತಿಗೆ ತೊಟ್ಟಿಲು ಕಾರ್ಯವೇ ಆಗಿರಲಿಲ್ಲ, ಹೆಸರೆಲ್ಲಿಂದ ಬರಬೇಕು? ಅಂಕಣ ಖಾಲಿ ಬಿತ್ತು. ಕಾಯಿದೆ ಇದಕ್ಕೂ ಎಡೆ ಕೊಟ್ಟಿದೆ: ಹೆಸರಿಲ್ಲದೆಯೇ ಜನನವನ್ನು ಬರೆಯಬಹುದು, ಒಂದು ವರ್ಷದೊಳಗಾದರೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲಾದರೆ ಸ್ವಲ್ಪ ಶುಲ್ಕ ಕೊಟ್ಟು ಹದಿನೈದು ವರ್ಷದ ತನಕ ಸೇರಿಸಬಹುದು. ನಮಗೆ ಇದು ನೆನಪಾದದ್ದು ಮಗಳನ್ನು ಶಾಲೆಗೆ ಹಾಕುವಾಗ. ಮತ್ತೆ ರೈಲು, ಮತ್ತೆ ಅರ್ಜಿ. ಒಂದು ಸಂತೋಷ ಮಾತ್ರ ಆಯಿತು. ಕರ್ನಾಟಕದ ಜನನಪತ್ರದಲ್ಲಿ ಕನ್ನಡವೂ ಇಂಗ್ಲಿಷೂ ಎರಡೂ ಇರುತ್ತವೆ. ನಮ್ಮ ಮಗಳ ಹೆಸರು ಕನ್ನಡ ಅಕ್ಷರದಲ್ಲಿ ಸರಕಾರಿ ಮೊಹರಿನ ಕೆಳಗೆ ಅಚ್ಚಾಗಿ ಬಂದದ್ದನ್ನು ನೋಡಿ ನಮ್ಮ ಮನೆಯವರು ಅದಕ್ಕೆ ಕಟ್ಟು ಹಾಕಿಸಬೇಕೆಂದರು. ಇಲ್ಲಿ ಹುಟ್ಟಿದ ಮಗುವಿನ ಪತ್ರದಲ್ಲಿ ಕನ್ನಡ ಲಿಪಿಗೆ ಎಡೆಯಿಲ್ಲ. ಅದನ್ನು ಬಯಸುವುದೂ ನ್ಯಾಯವಲ್ಲ. ಹೆಸರಿನ ಕಾಗುಣಿತವನ್ನಾದರೂ ನಮ್ಮ ಕೈಯಿಂದಲೇ ಬರೆದುಕೊಡುವುದು ಸಾಧ್ಯ.

ತಾಯ್ನುಡಿ ಯಾವುದೆಂದು ಈ ಪುಸ್ತಕ ಕೇಳುತ್ತದೆಯೇ ಎಂದು ನಮ್ಮ ಸಂಘದ ಸದಸ್ಯರೊಬ್ಬರು ವಿಚಾರಿಸಿದರು. ಕೇಳುವುದಿಲ್ಲ. ಜನನದ ವರದಿಯಲ್ಲಿ ತಾಯಿ ತಂದೆಯರ ಓದು, ಉದ್ಯೋಗ, ತಾಯಿಯ ವಯಸ್ಸು, ಕೂಸಿನ ತೂಕ ಎಲ್ಲಕ್ಕೂ ಅಂಕಣಗಳಿವೆ, ನುಡಿಗೆ ಇಲ್ಲ. ಅದನ್ನು ಕೇಳುವುದು ಜನಗಣತಿ. ಅದು ಬೇರೆ ಪುಸ್ತಕ.

ಈ ಕಾಗದ ಹಿಂದಿಗಿಂತ ಈಗ ಏಕೆ ಹೆಚ್ಚು ಮುಖ್ಯವೆಂದರೆ, ಕಾಯಿದೆಗೆ 2023ರಲ್ಲಿ ಆದ ತಿದ್ದುಪಡಿ ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಆ ದಿನದಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆಯಾಗಿ ಜನನಪತ್ರವೇ ಸಲ್ಲುತ್ತದೆ. ಶಾಲೆಗೆ ಸೇರುವುದು, ವಾಹನ ಚಾಲನೆಯ ಪರವಾನಗಿ, ಮತದಾರರ ಪಟ್ಟಿ, ಮದುವೆಯ ನೋಂದಣಿ, ಸರಕಾರಿ ನೌಕರಿ, ಪಾಸ್‌ಪೋರ್ಟು, ಆಧಾರ್ ಎಲ್ಲಕ್ಕೂ ಅದೇ. ನಮ್ಮ ಕಾಲದಲ್ಲಿ ಶಾಲೆಯ ಮಾಸ್ತರರು ಅಂದಾಜಿನಿಂದ ಜೂನ್ 1 ಎಂದು ಬರೆದ ತಾರೀಖಿನ ಮೇಲೆ ಬದುಕು ಸಾಗಿಸಿದವರು ಈ ಸಭೆಯಲ್ಲಿಯೇ ಹಲವರಿದ್ದಾರೆ. ನಗುತ್ತಿರುವವರನ್ನು ನೋಡಿದರೆ ಗೊತ್ತಾಗುತ್ತದೆ. ಇನ್ನು ಮುಂದೆ ಆ ಸೌಕರ್ಯವಿಲ್ಲ.

ಆದುದರಿಂದ ನಾವು ಹೇಳುವುದು ಇಷ್ಟೇ. ಆಸ್ಪತ್ರೆಯಲ್ಲಿ ಹಾಳೆ ಮುಂದೆ ಬಂದಾಗ, ದುಃಖವಿರಲಿ ಸಂತೋಷವಿರಲಿ, ಜೊತೆಯಲ್ಲಿರುವ ಒಬ್ಬರು ಅದನ್ನು ಓದಲಿ. ತಂದೆಯ ಹೆಸರಿನ ಅಂಕಣದಲ್ಲಿ ತಂದೆಯ ಹೆಸರೇ ಇದೆಯೇ ನೋಡಲಿ. ಊರಿನಲ್ಲಿ ಹೊಲಮನೆ ಇದ್ದವರು ಒಂದು ಪಹಣಿಯ ಪ್ರತಿಯನ್ನು ಇಲ್ಲಿ ಆಧಾರ್ ಚೀಟಿಯ ಪಕ್ಕದಲ್ಲಿಟ್ಟು, ಎರಡು ಹೆಸರೂ ಕೂಡುತ್ತವೆಯೇ ಎಂದು ಹಿರಿಯರು ಇರುವಾಗಲೇ ನೋಡಿಕೊಳ್ಳಲಿ. ಬ್ಯಾಂಕಿನವರಾಗಿ ಇನ್ನೊಂದು ಮಾತನ್ನು ಸೇರಿಸದೆ ಬಿಡಲಾರೆವು: 2025ರ ನವೆಂಬರ್ 1ರಿಂದ, ಅಂದರೆ ನಮ್ಮ ರಾಜ್ಯೋತ್ಸವದ ದಿನದಿಂದಲೇ, ಠೇವಣಿ ಖಾತೆಗೆ ನಾಲ್ವರ ತನಕ ನಾಮನಿರ್ದೇಶನ ಮಾಡಬಹುದಾಗಿದೆ. ಅಲ್ಲಿಯೂ ಹೆಸರುಗಳನ್ನು ಸರಿಯಾಗಿ ಬರೆಯಿರಿ.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಉಪಾಹಾರ ಮುಗಿದ ಮೇಲೆ ಕಿಟಕಿಯ ಪಕ್ಕದ ಮೇಜಿನಲ್ಲಿ ನಾವು ಒಂದು ಗಂಟೆ ಕುಳಿತಿರುತ್ತೇವೆ. ಸಂಘದ ಸುತ್ತೋಲೆ ನೋಡಿ ಜನನಪತ್ರ, ಮರಣಪತ್ರ, ಪಹಣಿಗಳನ್ನು ತಂದಿರುವವರು ಅಲ್ಲಿಗೆ ಬರಬೇಕು. ಕನ್ನಡಕವನ್ನು ಮರೆಯದೆ ತಂದಿದ್ದೇವೆ.